ಸತ್ತ ಮಗುವಿನ ಅಳತೆಯ ಅಂಗಿ

ಗುನ್ವೋರ್ ಬಸ್ಸು ಓಡಿಸುವವಳು. ಸ್ವೀಡನ್ನಿನ ಗೋಟ್ಲಂಡ್ ದ್ವೀಪದ ದಕ್ಷಿಣದ ತುದಿಯಿಂದ ವಿಸ್ಬಿ ಪಟ್ಟಣಕ್ಕೆ, ವಿಸ್ಬಿಯಿಂದ ಮತ್ತೆ ತುದಿಗೆ, ಇಪ್ಪತ್ತೆಂಟು ವರ್ಷ ಅದೇ ದಾರಿ. ತುದಿಯಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದರೆ ಮತ್ತೆ ಹೊರಡುವುದಕ್ಕೆ ಇಪ್ಪತ್ತೈದು ನಿಮಿಷ ಬಿಡುವು. ಬೇರೆ ಚಾಲಕರು ಆ ಹೊತ್ತಿನಲ್ಲಿ ಫೋನ್ ನೋಡುತ್ತಾರೆ, ಇಲ್ಲವೇ ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಾರೆ. ಗುನ್ವೋರ್ ಚೀಲದಿಂದ ಬಟ್ಟೆ ತೆಗೆಯುತ್ತಿದ್ದಳು. ಜೇನುಮೇಣ ಸವರಿದ ದಾರವನ್ನು ಸೂಜಿಗೆ ಪೋಣಿಸಿ, ಬೆರಳಿಗೆ ಅಂಗುಸ್ತಾನ ಸಿಕ್ಕಿಸಿ, ಆರುನೂರು ವರ್ಷದ ಹಿಂದಿನ ಜನ ಹೇಗೆ ಹೊಲಿಯುತ್ತಿದ್ದರೋ ಹಾಗೆ ಹೊಲಿಯುತ್ತ ಕೂರುತ್ತಿದ್ದಳು. ಅವಳ ಪೆಟ್ಟಿಗೆಯಲ್ಲಿದ್ದ ಎಷ್ಟೋ ಉದ್ದಂಗಿಗಳು ಹೀಗೆ ಬಸ್ಸಿನ ಮುಂದಿನ ಸೀಟಿನಲ್ಲಿ, ಇಪ್ಪತ್ತೈದು ನಿಮಿಷದ ತುಂಡುತುಂಡುಗಳಲ್ಲಿ ಹುಟ್ಟಿದವು.

ಈ ಗೀಳು ಶುರುವಾದದ್ದು ಒಂದು ಅವಮಾನದಿಂದ. ಪ್ರತಿ ಆಗಸ್ಟಿನಲ್ಲಿ ಒಂದು ವಾರ ವಿಸ್ಬಿಯಲ್ಲಿ ಮಧ್ಯಯುಗದ ಉತ್ಸವ ನಡೆಯುತ್ತದೆ. ಕೋಟೆಗೋಡೆಯ ಒಳಗೂ ಹೊರಗೂ ಜನ ಹಳೇ ಕಾಲದ ಉಡುಪು ತೊಟ್ಟು ತಿರುಗುತ್ತಾರೆ, ಡೇರೆ ಹಾಕಿಕೊಂಡು ಹುಲ್ಲಿನ ಮೇಲೆ ಮಲಗುತ್ತಾರೆ, ಸೌದೆ ಉರಿಯಲ್ಲಿ ಬೇಯಿಸಿಕೊಂಡು ತಿನ್ನುತ್ತಾರೆ. ಮಗಳು ಟೆಕ್ಲಾಗೆ ಹನ್ನೊಂದು ವರ್ಷವಾಗಿದ್ದಾಗ ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದಳು. ಗುನ್ವೋರ್ ಮನೆಯ ಹಳೇ ಪರದೆ ಕತ್ತರಿಸಿ, ಮಿಷಿನ್ನಿನಲ್ಲಿ ಹೊಲಿದು ಒಂದು ಅಂಗಿ ಮಾಡಿಕೊಟ್ಟಳು. ಕೋಟೆಯ ಬಾಗಿಲಲ್ಲಿ ಎತ್ತರದ ಹೆಂಗಸೊಬ್ಬಳು ಹುಡುಗಿಯನ್ನು ತಡೆದು, ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದು ಯಾವ ಶತಮಾನದ್ದು ಪುಟ್ಟಿ? ಅಡಿಗೆಮನೆ ಕಿಟಕಿ ಶತಮಾನದ್ದಾ?"

ಸುತ್ತಲಿದ್ದವರು ನಕ್ಕರು. ಟೆಕ್ಲಾ ಅತ್ತಳು. ಗುನ್ವೋರ್ ಅಳಲಿಲ್ಲ. ಮುಂದಿನ ವಾರ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿ, "ನಗೋದು ಸುಲಭ. ಗೊತ್ತಿದ್ರೆ ಕಲಿಸು," ಎಂದಳು.

ಆ ಹೆಂಗಸು ಯೋರ್ಡಿಸ್. ಮಗ್ಗದ ಕೆಲಸದಲ್ಲಿ ಬದುಕು ಸವೆಸಿದವಳು, ನಾಲಗೆ ಸೂಜಿಗಿಂತ ಚೂಪು. ಅವಳು ಬಾಗಿಲು ಪೂರ್ತಿ ತೆರೆದು ಗುನ್ವೋರ್‌ಳನ್ನು ಒಳಗೆ ಕರೆದಳು. ಅಂದಿನಿಂದ ಇಪ್ಪತ್ತಮೂರು ವರ್ಷ ಇಬ್ಬರೂ ಒಂದೇ ಡೇರೆಯ ಗೆಳತಿಯರು. ಬಟ್ಟೆ ಪೋಲಾಗದಂತೆ ನೇರ ತುಂಡುಗಳಾಗಿ ಕತ್ತರಿಸುವುದು, ನೆರಿಗೆ ಬೀಳುವಂತೆ ಮುಕ್ಕೋನದ ತುಂಡುಗಳನ್ನು ಕೂಡಿಸುವುದು, ಚಿಂದಿ ಸುತ್ತಿ ಗುಂಡಿ ಮಾಡುವುದು, ಮಂಜಿಷ್ಠದ ಬೇರಿನಿಂದ ಕೆಂಪು ಬಣ್ಣ ಕಟ್ಟುವುದು, ಎಲ್ಲವನ್ನೂ ಗುನ್ವೋರ್ ಅವಳಿಂದಲೇ ಕಲಿತಳು. ಕಡೆಗೆ ಗುರುವನ್ನೂ ಮೀರಿಸಿದಳು. ಯೋರ್ಡಿಸ್‌ಳ ಕಣ್ಣು ಮಂಜಾಗುತ್ತ ಬಂದು ಸೂಜಿಗೆ ದಾರ ಪೋಣಿಸಲಾಗದ ಹೊತ್ತಿಗೆ, ಗುನ್ವೋರ್‌ಳ ಹೊಲಿಗೆ ನೋಡಲು ಸ್ಟಾಕ್‌ಹೋಮಿನಿಂದಲೂ ಜನ ಬರುತ್ತಿದ್ದರು. ಇಡೀ ಅಂಗಿಯಲ್ಲಿ ಒಂದು ತಪ್ಪು ಹೊಲಿಗೆಯೂ ಸಿಗದು ಎಂದು ಹೆಸರಾಗಿತ್ತು. ಅದನ್ನು ಕೇಳಿದಾಗ ಗುನ್ವೋರ್‌ಳ ಕಿವಿಯ ತುದಿ ಕೆಂಪಾಗುತ್ತಿತ್ತು.

ಅವಳಿಗೆ ಅರುವತ್ತೊಂದು ತುಂಬಿದ ವರ್ಷ ಟೆಕ್ಲಾಳ ಮಗಳು ರೂನಾಗೆ ಆರು. ಟೆಕ್ಲಾ ದ್ವೀಪಕ್ಕೂ ಸ್ವೀಡನ್ನಿನ ಮುಖ್ಯಭೂಮಿಗೂ ನಡುವೆ ಓಡಾಡುವ ಹಡಗಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಳು. ಒಮ್ಮೆ ಹತ್ತಿದರೆ ಮೂರು ದಿನ ನಾಲ್ಕು ದಿನ ಇಳಿಯುತ್ತಿರಲಿಲ್ಲ. ಗಂಡನೆಂಬುವನು ಎಂದೋ ಬಿಟ್ಟುಹೋಗಿದ್ದ. ಹಾಗಾಗಿ ರೂನಾ ಅರ್ಧ ಬೆಳೆದದ್ದು ಅಜ್ಜಿಯ ಮನೆಯಲ್ಲಿ.

ಆ ಚಳಿಗಾಲದಲ್ಲಿ ಗುನ್ವೋರ್‌ಗೆ ಒಂದು ವರದಿ ಸಿಕ್ಕಿತು. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ನೆಲದಲ್ಲಿ, ಹಳೇ ಇಗರ್ಜಿಯ ಪಕ್ಕದ ಸ್ಮಶಾನದಲ್ಲಿ ಅಗೆದು ತೆಗೆದ ಬಟ್ಟೆಗಳ ವಿವರ. ಅಲ್ಲಿನ ಬಡಜನ ಶವಪೆಟ್ಟಿಗೆಗೆ ಮರವಿಲ್ಲದೆ ಸತ್ತವರನ್ನು ಅವರವರ ಬಟ್ಟೆಯಲ್ಲೇ ಸುತ್ತಿ ಹೂಳುತ್ತಿದ್ದರಂತೆ. ನೆಲದ ಚಳಿ ಬಟ್ಟೆಯನ್ನು ಕಾಪಾಡಿತ್ತು, ಮೈಯನ್ನು ಕಾಪಾಡಿರಲಿಲ್ಲ. ಆ ವರದಿಯಲ್ಲಿ ಒಂದು ಮಗುವಿನ ಅಂಗಿಯಿತ್ತು. ಕಂದು ಉಣ್ಣೆಯದು. ಮೊಣಕಾಲು ದಾಟುವ ಉದ್ದ, ಬಿಗಿಯಾದ ತೋಳು, ಮಣಿಕಟ್ಟಿನಲ್ಲಿ ಪುಟ್ಟ ಗುಂಡಿಗಳು. ಪ್ರತಿ ತುಂಡಿನ ಅಳತೆಯನ್ನೂ ಬೆರಳಗಲ ಬಿಡದೆ ಕೊಟ್ಟಿದ್ದರು.

ಗುನ್ವೋರ್ ರೂನಾಳನ್ನು ಅಡಿಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತೆಗೆದುಕೊಂಡಳು. ಹಳೇ ಉಡುಪನ್ನು ಇಂದಿನ ಮೈಗೆ ಹೊಂದಿಸಬೇಕಾದರೆ ಎಲ್ಲಾದರೂ ಹಿಗ್ಗಿಸಬೇಕು, ಎಲ್ಲಾದರೂ ಕುಗ್ಗಿಸಬೇಕು. ಅಂದು ಅವಳು ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಳು. ಭುಜ ಅಷ್ಟೇ. ಎದೆ ಅಷ್ಟೇ. ತೋಳಿನ ಉದ್ದ ಅಷ್ಟೇ. ಮಣಿಕಟ್ಟಿನ ಸುತ್ತಳತೆ ಕೂಡ ಅಷ್ಟೇ. ಏನನ್ನೂ ಬದಲಿಸುವ ಅಗತ್ಯವಿರಲಿಲ್ಲ. ಅವಳ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದಂತಾಯಿತು. ಅದನ್ನು ಕೊಡವಿಕೊಂಡು, ಒಳ್ಳೆಯದೇ ಆಯಿತು, ಇದಕ್ಕಿಂತ ನಿಖರವಾದ ಪ್ರತಿ ಇನ್ನೆಲ್ಲಿ ಸಿಗಬೇಕು ಎಂದುಕೊಂಡಳು.

ಜುಲೈ ಕೊನೆಗೆ ಅಂಗಿ ಮುಗಿಯಿತು. ಜೊತೆಗೆ ಗದ್ದದ ಕೆಳಗೆ ದಾರ ಕಟ್ಟುವ ಒಂದು ಬಿಳಿ ಲಿನನ್ ಕುಲಾವಿ. ಯೋರ್ಡಿಸ್ ಕಾಫಿಗೆ ಬಂದವಳು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಸವರಿ ನೋಡಿದಳು. ರೂನಾ ಮೇಜಿನ ಕೆಳಗೆ ಏಲಕ್ಕಿ ಬನ್ ತಿನ್ನುತ್ತ ಆಡುತ್ತಿದ್ದಳು.

"ಅಳತೆ ಯಾರದು?"

"ರೂನಾದು."

"ಸುಳ್ಳು. ಈ ಅಂಗಿ ಚಿತ್ರ ನಾನೂ ನೋಡಿದೀನಿ. ಇದು ಹೆಣದ ಅಳತೆ."

"ಎರಡೂ ಒಂದೇ ಆಯ್ತು, ನಾನೇನು ಮಾಡ್ಲಿ?"

ಯೋರ್ಡಿಸ್ ಅಂಗಿಯನ್ನು ಮಡಿಚಿ ಮೇಜಿನ ಮೇಲಿಟ್ಟಳು. "ನಮ್ಮಜ್ಜಿ ಹೇಳ್ತಿದ್ಲು. ಸತ್ತವರ ಅಳತೇಲಿ ಬಟ್ಟೆ ಹೊಲಿದ್ರೆ ಮೂರು ಹೊಲಿಗೆ ಬೇಕು ಅಂತಾನೇ ತಪ್ಪಾಗಿ ಹಾಕಬೇಕು. ಇಲ್ದಿದ್ರೆ ಅದರ ಯಜಮಾನರು ತಮ್ಮದು ಅಂತ ಕೇಳ್ಕೊಂಡು ಬರ್ತಾರಂತೆ."

"ನಿಮ್ಮಜ್ಜಿ ಬೆಕ್ಕು ಅಡ್ಡ ಹೋದ್ರೆ ಇಗರ್ಜಿಗೂ ಹೋಗ್ತಿರ್ಲಿಲ್ಲ ಅಂತ ನೀನೇ ಹೇಳಿದ್ದೆ."

"ಮೂರು ಹೊಲಿಗೆ ಮಾರಾಯ್ತಿ. ಯಾರಿಗೂ ಕಾಣಲ್ಲ."

"ನಂಗೆ ಕಾಣುತ್ತೆ," ಎಂದಳು ಗುನ್ವೋರ್. ಅಲ್ಲಿಗೆ ಆ ಮಾತು ನಿಂತಿತು.

ಉತ್ಸವದ ವಾರ ಟೆಕ್ಲಾ ಹಡಗಿನಲ್ಲಿದ್ದಳು. ಕೋಟೆಗೋಡೆಯ ಹೊರಗಿನ ಹುಲ್ಲುಗಾವಲಿನಲ್ಲಿ ಡೇರೆ ಬಿತ್ತು. ರೂನಾ ಅಂಗಿ ತೊಟ್ಟು ಕುಲಾವಿ ಕಟ್ಟಿಕೊಂಡು ಹೊರಗೆ ಬಂದದ್ದೇ ಜನ ನಿಂತು ನೋಡಿದರು. ಕ್ಯಾಮೆರಾ ಹಿಡಿದವರು ಮಂಡಿಯೂರಿದರು. ವಸ್ತುಸಂಗ್ರಹಾಲಯದ ಕೆಲಸದವಳೆಂದು ಹೇಳಿಕೊಂಡ ಒಬ್ಬಳು ತೋಳಿನ ಹೊಲಿಗೆಯನ್ನು ನೋಡುತ್ತ ಕಣ್ಣಲ್ಲಿ ನೀರು ತಂದುಕೊಂಡಳು. ರೂನಾ ಹುಲ್ಲಿನಲ್ಲಿ ಹೊರಳಿದಳು, ಬೇಲಿಯ ಬದಿಯ ನೀಲಿ ಹೂವಿನ ಪೊದೆಗಳಲ್ಲಿ ಅಡಗಿ ಕುಳಿತಳು, ಕುರಿಗಳ ಹಿಂದೆ ಓಡಿದಳು. ಸಂಜೆ ದಣಿದು ಬಿದ್ದಲ್ಲೇ ನಿದ್ದೆ ಹೋದಳು. ಮೂರು ದಿನ ಹಗಲೂ ಇರುಳೂ ಆ ಅಂಗಿ ಅವಳ ಮೈಮೇಲೇ ಇತ್ತು. ಗುನ್ವೋರ್ ಡೇರೆಯ ಬಾಗಿಲಲ್ಲಿ ಕೂತು ಅವಳನ್ನು ನೋಡುತ್ತ, ಬದುಕಿನಲ್ಲಿ ಇಷ್ಟು ತೃಪ್ತಿ ತನಗೆ ಎಂದೂ ಸಿಕ್ಕಿರಲಿಲ್ಲ ಎಂದುಕೊಂಡಳು.

ಆಗಸ್ಟ್ ಮುಗಿಯುತ್ತ ಬಂದಾಗ ರೂನಾ ಸಪ್ಪಗಾದಳು. ಶಾಲೆಯಿಂದ ಬಂದವಳು ಚೀಲ ಬಿಸಾಡಿ ಸೋಫಾದ ಮೇಲೆ ಮಲಗಿಬಿಡುತ್ತಿದ್ದಳು. ಪ್ಯಾನ್‌ಕೇಕ್ ಮಾಡಿಕೊಟ್ಟರೆ ಮುಟ್ಟಲಿಲ್ಲ. ತಲೆನೋವೆಂದಳು, ಕತ್ತು ನೋವೆಂದಳು. ಜ್ವರ ನೋಡಿದರೆ ಇಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ನೆಗಡಿ, ಇದೂ ಅದೇ ಎಂದು ಟೆಕ್ಲಾ ಹಡಗಿಗೆ ಹೊರಡುವಾಗ ಹೇಳಿದಳು. ಗುನ್ವೋರ್ ಎರಡು ದಿನ ರಜೆ ಹಾಕಿ ಮಗುವನ್ನು ತನ್ನ ಮನೆಗೆ ಕರೆತಂದಳು.

ಹಿಮ ಕಟ್ಟಿದ ರಸ್ತೆಯಲ್ಲಿ ಬಸ್ಸು ಅಡ್ಡ ಜಾರಿದಾಗಲೂ ಸ್ಟೇರಿಂಗ್ ಬಿಡದ ಹೆಂಗಸು ಅವಳು. ಹೆದರಿಕೆ ಅವಳ ಜಾಯಮಾನವಲ್ಲ. ಅದಕ್ಕೇ ಇರಬೇಕು, ಅದು ಬಂದಾಗ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲೇ ಇಲ್ಲ. ಮಧ್ಯಾಹ್ನ ಬಿಸಿಲಿತ್ತು. ಕಿಟಕಿಯಾಚೆ ಕುರಿಗಳು ಮೇಯುತ್ತಿದ್ದವು. ರೂನಾ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು.

"ಅಜ್ಜಿ, ಕಂದು ಅಂಗಿ ಹಾಕು. ಚಳಿ."

"ಇನ್ನೊಂದು ಕಂಬಳಿ ತರ್ತೀನಿ ಚಿನ್ನ."

"ಬೇಡ. ಅಂಗಿ."

ಗುನ್ವೋರ್ ಅಂಗಿ ತಂದು ತೊಡಿಸಿದಳು. ಮಣಿಕಟ್ಟಿನ ಗುಂಡಿ ಹಾಕುತ್ತಿರುವಾಗ ರೂನಾ ಅವಳ ಬೆರಳುಗಳನ್ನೇ ನೋಡುತ್ತ ಕೇಳಿದಳು, "ಇದು ನಂದಲ್ಲ ಅಲ್ವಾ?"

"ನಿಂದೇ. ನಿಂಗೋಸ್ಕರಾನೇ ಹೊಲಿದಿದ್ದು."

"ಯೋರ್ಡಿಸ್ ಹೇಳಿದ್ಲು, ಬೇರೆ ಹುಡುಗೀದು ಅಂತ. ಈಗ ಅವಳಿಗೆ ಚಳಿ ಆಗಲ್ವಾ?"

ಗುನ್ವೋರ್‌ಳ ಕೈ ಗುಂಡಿಯ ಮೇಲೇ ನಿಂತಿತು. ಮೇಜಿನ ಕೆಳಗಿದ್ದ ಮಗು ಎಲ್ಲವನ್ನೂ ಕೇಳಿಸಿಕೊಂಡಿತ್ತು. ಏನೋ ಸಮಾಧಾನ ಹೇಳಿ ಅವಳು ಅಡಿಗೆಮನೆಗೆ ಬಂದು ನಲ್ಲಿ ಬಿಟ್ಟು, ಹರಿಯುವ ನೀರನ್ನು ನೋಡುತ್ತ ನಿಂತಳು. ಮೂರು ಹೊಲಿಗೆ. ಇದು ಹುಚ್ಚು, ತನಗೆ ಬುದ್ಧಿಯಿದೆ, ಇಪ್ಪತ್ತೊಂದನೇ ಶತಮಾನದಲ್ಲಿ ಕೂತು ಇಂಥದ್ದನ್ನು ಯೋಚಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ವರದಿಯಲ್ಲಿದ್ದ ಒಂದು ಸಾಲು ನೆನಪಾಯಿತು: ಅಂಗಿ ಸಿಕ್ಕಿತು, ಒಳಗೆ ಕೆಲವು ಹಾಲುಹಲ್ಲುಗಳ ಹೊರತು ಏನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ರೂನಾ ಮೇಜಿಗೆ ಬಂದು ಕೂತು ಹಾಲಿನ ಲೋಟ ಎತ್ತಿದಳು. ಹಾಲು ಬಾಯಿಯ ಎಡಮೂಲೆಯಿಂದ ಗದ್ದಕ್ಕೆ, ಗದ್ದದಿಂದ ಅಂಗಿಯ ಮೇಲೆ ಹರಿಯಿತು.

"ಸರಿಯಾಗಿ ಕುಡಿ ಮಗಾ."

"ಕುಡೀತಿದೀನಿ," ಎಂದು ಮಗು ನಕ್ಕಿತು. ಮುಖದ ಬಲಭಾಗ ಮಾತ್ರ ನಕ್ಕಿತು. ಎಡಭಾಗ ಹಾಗೇ ಇತ್ತು. ಕೆನ್ನೆ ಜೋತಿತ್ತು. ಬಲಗಣ್ಣು ಮಿಟುಕಿದಾಗ ಎಡಗಣ್ಣು ತೆರೆದೇ ಇದ್ದು ಅಜ್ಜಿಯನ್ನು ನೋಡುತ್ತಿತ್ತು.

ಗುನ್ವೋರ್ ಕಿರುಚಲಿಲ್ಲ. ಕಿರುಚಿದರೆ ಮಗು ಹೆದರುತ್ತದೆಂದು ಅವಳಿಗೆ ಗೊತ್ತಿತ್ತು. ಮಗುವನ್ನು ಎತ್ತಿಕೊಂಡು, ಮನೆಯ ಬಾಗಿಲಿಗೂ ಬೀಗ ಹಾಕದೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಕಟ್ಟಿದಳು. ವಿಸ್ಬಿಯ ಆಸ್ಪತ್ರೆಗೆ ಒಂದು ಗಂಟೆಯ ದಾರಿ. ಹೋಗುತ್ತಲೇ ಫೋನಿನಲ್ಲಿ ಆಸ್ಪತ್ರೆಗೆ ತಿಳಿಸಿದಳು. ಅವರು ಬನ್ನಿ ಎಂದರು. ಟೆಕ್ಲಾಳಿಗೆ ಮಾಡಿದರೆ ಹಡಗು ನಡುಗಡಲಿನಲ್ಲಿತ್ತು, ಕರೆ ಹೋಗಲಿಲ್ಲ.

ಆ ದಾರಿಯ ಒಂದೊಂದು ತಿರುವೂ ಅವಳಿಗೆ ಕಣ್ಣು ಕಟ್ಟಿದರೂ ಗೊತ್ತು. ಅಂದು ಹೆಮ್ಸೆ ಎಂಬ ಊರಿನ ವೃತ್ತದಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಎರಡು ಸುತ್ತು ಹಾಕಿದಳು. ಕನ್ನಡಿಯಲ್ಲಿ ಆ ಪುಟ್ಟ ಮುಖ ಕಾಣುತ್ತಿತ್ತು. ಅರ್ಧ ರೂನಾಳದು. ಇನ್ನರ್ಧ ಯಾರದೆಂದು ಅವಳಿಗೆ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳಲು ಧೈರ್ಯವೂ ಬರಲಿಲ್ಲ. ಕಂದು ಅಂಗಿ ಗದ್ದದವರೆಗೆ ಬಿಗಿದು ಕೂತಿತ್ತು. ಮಗುವನ್ನು ಎಬ್ಬಿಸಿದಾಗಲೇ ಅದನ್ನು ಬಿಚ್ಚಬೇಕಿತ್ತು. ಈಗ ಗಾಡಿ ನಿಲ್ಲಿಸಿ ಬಿಚ್ಚಿ ಹೊಲಕ್ಕೆ ಎಸೆಯಲೇ ಎನಿಸಿತು. ನಿಲ್ಲಿಸಿದರೆ ಐದು ನಿಮಿಷ ಹೋಗುತ್ತದೆ. ಆ ಐದು ನಿಮಿಷದಲ್ಲೇ ಏನಾದರೂ ಆಗಿಬಿಟ್ಟರೆ?

"ರೂನಾ, ಮಾತಾಡ್ತಿರು. ಸುಮ್ನಿರಬೇಡ."

"ಏನು ಮಾತಾಡ್ಲಿ?"

"ಏನಾದ್ರೂ. ಶಾಲೇಲಿ ಏನಾಯ್ತು ಹೇಳು."

"ಎಲ್ಸ ನನ್ನ ಪೆನ್ಸಿಲ್ ಕದ್ಲು," ಎಂದು ಮಗು ತೊದಲುತ್ತ ಶುರು ಮಾಡಿತು. ಪಕಾರ ಬಕಾರಗಳು ತುಟಿಯಲ್ಲಿ ನಿಲ್ಲದೆ ಜಾರುತ್ತಿದ್ದವು. ಗುನ್ವೋರ್ ಹೂಂಗುಟ್ಟುತ್ತ, ಹಲ್ಲು ಕಚ್ಚಿಕೊಂಡು ಗಾಡಿ ಓಡಿಸಿದಳು.

ಆಸ್ಪತ್ರೆಯಲ್ಲಿ ಅವರು ಕಾಯಿಸಲಿಲ್ಲ. ನರ್ಸ್ ಒಬ್ಬಳು ರಕ್ತ ತೆಗೆಯಲು ಅಂಗಿಯ ತೋಳನ್ನು ಮೇಲೆ ಸರಿಸಹೋದಳು. ಬಿಗಿಯಾದ ತೋಳು ಮೊಣಕೈಯವರೆಗೂ ಏರಲಿಲ್ಲ. ಗುಂಡಿ ಒಂದೊಂದೂ ಕಡಲೆಕಾಳಿನಷ್ಟು. ನರ್ಸಿನ ಕೈಗವಸಿಗೆ ಸಿಗದೆ ಜಾರಿದವು. ಅವಳು ಕತ್ತರಿ ಎತ್ತಿಕೊಂಡು, ಅಂಗಿಯ ಹೊಲಿಗೆ ನೋಡಿ ತಡೆದಳು.

"ಇದು ಕೈಯಲ್ಲಿ ಹೊಲಿದಿದ್ದಾ? ಕತ್ತರಿಸೋಕೆ ಮನಸ್ಸು ಬರ್ತಿಲ್ಲ."

ಗುನ್ವೋರ್ ಅವಳ ಕೈಯಿಂದ ಕತ್ತರಿ ತೆಗೆದುಕೊಂಡಳು. ಮಣಿಕಟ್ಟಿನಿಂದ ಭುಜದವರೆಗೆ ಒಂದೇ ಎಳೆತಕ್ಕೆ ಸೀಳಿದಳು. ಆಮೇಲೆ ಎದೆಯ ಮೇಲಿನಿಂದ ಅಂಚಿನವರೆಗೂ ಸೀಳಿ, ಅಂಗಿಯನ್ನು ಮಗುವಿನ ಮೈಯಿಂದ ಕಿತ್ತು ನೆಲಕ್ಕೆ ಹಾಕಿದಳು. ನರ್ಸ್ ಅವಳನ್ನೊಮ್ಮೆ ನೋಡಿ, ಮಗುವಿನ ತೋಳಿಗೆ ಪಟ್ಟಿ ಬಿಗಿದಳು.

ಡಾಕ್ಟರು ನಡುವಯಸ್ಸಿನವನು, ಮೆಲುದನಿಯವನು. ಮಗುವಿಗೆ ಹಣೆ ಸುಕ್ಕಿಸು ಎಂದ, ಕೆನ್ನೆ ಉಬ್ಬಿಸು ಎಂದ, ಕಣ್ಣು ಬಿಗಿಯಾಗಿ ಮುಚ್ಚು ಎಂದ. ಎಡಗಡೆ ಏನೂ ಆಗಲಿಲ್ಲ. ಕತ್ತನ್ನು ಬಗ್ಗಿಸಲು ಹೋದರೆ ಮಗು ನರಳಿತು.

"ಈ ಬೇಸಿಗೇಲಿ ಉಣುಗು ಕಚ್ಚಿತ್ತಾ ಇವಳಿಗೆ?"

ಗುನ್ವೋರ್‌ಳ ಕೈ ತಾನಾಗಿ ಮಗುವಿನ ಕೂದಲಿಗೆ ಹೋಯಿತು. ಆ ದ್ವೀಪದಲ್ಲಿ ಹುಟ್ಟಿದವರಿಗೆ, ಹುಲ್ಲಿನಿಂದ ಮೈಗೆ ಹತ್ತಿ ರಕ್ತ ಹೀರುವ ಉಣುಗಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಹುಲ್ಲಿಗೆ ಹೋಗಿ ಬಂದ ಮಕ್ಕಳನ್ನು ಸಂಜೆ ಬತ್ತಲೆ ನಿಲ್ಲಿಸಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕೂದಲ ಬುಡ ಎಲ್ಲವನ್ನೂ ನೋಡಿದ ಮೇಲೆಯೇ ಊಟ. ಅವಳ ತಾಯಿ ಅವಳಿಗೆ ಹಾಗೆ ಮಾಡಿದ್ದಳು. ಅವಳು ಟೆಕ್ಲಾಗೆ ಹಾಗೆ ಮಾಡಿದ್ದಳು.

ಡಾಕ್ಟರು ಎಡಗಿವಿಯ ಹಿಂದಿನ ಕೂದಲನ್ನು ಸರಿಸಿದ. ಅಲ್ಲಿ ಮಾಸುತ್ತಿರುವ ಕೆಂಪು ಬಳೆಯಂಥ ಗುರುತಿತ್ತು, ಅಂಗೈಯ ಅರ್ಧದಷ್ಟು ಅಗಲ. "ಇಲ್ಲಿದೆ ನೋಡಿ," ಎಂದ. "ಉಣುಗಿನಿಂದ ಬರೋ ಸೋಂಕು ನರಕ್ಕೆ ಇಳಿದಿರಬೇಕು. ಖಚಿತ ಮಾಡ್ಕೊಳ್ಳೋಕೆ ಬೆನ್ನಿಂದ ಸ್ವಲ್ಪ ನೀರು ತೆಗೀಬೇಕು. ಮಗೂನ ನೀವು ಹಿಡ್ಕೋತೀರಾ?"

ಬಾಗಿದ ಮಗುವನ್ನು ಎದೆಗೆ ಒತ್ತಿ ಹಿಡಿದುಕೊಂಡು ಗುನ್ವೋರ್ ಆ ಕೆಂಪು ಗುರುತನ್ನೇ ನೋಡುತ್ತಿದ್ದಳು. ಅದು ಇದ್ದದ್ದು ಕುಲಾವಿಯ ಅಂಚು ಕೂರುವ ಜಾಗದಲ್ಲಿ. ಬೆನ್ನಿಗೆ ಸೂಜಿ ಹೋದಾಗ ರೂನಾ ಅಜ್ಜಿಯ ತೋಳನ್ನು ಕಚ್ಚಿದಳು. ಗುನ್ವೋರ್‌ಗೆ ನೋವು ಗೊತ್ತಾಗಲಿಲ್ಲ. ಅಷ್ಟು ಹೊತ್ತು ಅವಳು ಸತ್ತ ಮಗುವಿಗೆ ಹೆದರಿದ್ದಳು. ಆ ಹೆದರಿಕೆ ಈಗ ಹೋಗಿತ್ತು. ಅದರ ಜಾಗದಲ್ಲಿ ಬಂದು ಕೂತದ್ದು ಇನ್ನೂ ಕೆಟ್ಟದ್ದು. ಗ್ರೀನ್‌ಲ್ಯಾಂಡಿನಿಂದ ಯಾರೂ ಬಂದಿರಲಿಲ್ಲ. ಮಾಡಿದವಳು ತಾನೇ.

ಮೂರು ದಿನ. ರೂನಾ ಸಂಜೆ ಕುಲಾವಿ ಕಿತ್ತುಹಾಕಲು ಹೋದಾಗ, ಬಿಚ್ಚಬೇಡ ಚಿನ್ನ, ನಾಳೆ ಮತ್ತೆ ಕಟ್ಟೋಕೆ ಬಿಡಲ್ಲ ನೀನು ಎಂದವಳು ತಾನೇ. ನಾಲ್ಕನೇ ದಿನ ಮನೆಗೆ ಬಂದು ಸ್ನಾನ ಮಾಡಿಸುವಾಗ ಮೈಯೆಲ್ಲ ನೋಡಿದ್ದಳು, ಆದರೆ ಅವಸರದಲ್ಲಿ ನೋಡಿದ್ದಳು. ಅಷ್ಟರಲ್ಲಿ ಉಣುಗು ಹೊಟ್ಟೆ ತುಂಬಿಸಿಕೊಂಡು ಉದುರಿ ಹೋಗಿರಬೇಕು.

ಮಧ್ಯಾಹ್ನ ರೂನಾಳ ಕೈಗೆ ಔಷಧಿಯ ನಳಿಗೆ ಹಾಕಿದರು. ಮುಚ್ಚದ ಕಣ್ಣಿಗೆ ಮುಲಾಮು ಸವರಿ ಟೇಪು ಅಂಟಿಸಿದರು. ಮಗು ನಿದ್ದೆ ಹೋಯಿತು. ಡಾಕ್ಟರು ಹೊರಗೆ ಬಂದು, ಬಹುಪಾಲು ಮಕ್ಕಳಿಗೆ ಮುಖ ಪೂರ್ತಿ ವಾಪಸ್ ಬರುತ್ತದೆ, ಕೆಲವು ವಾರ ಹಿಡಿಯುತ್ತದೆ ಎಂದು ಹೇಳಿದ.

"ಬಹುಪಾಲು ಅಂದ್ರೆ?"

"ಬಹುಪಾಲು," ಎಂದ ಅವನು. "ಈಗಲೇ ಹೆಚ್ಚು ಹೇಳೋಕೆ ಆಗಲ್ಲ."

ಆಸ್ಪತ್ರೆಯವರು ಹಡಗಿಗೆ ಸುದ್ದಿ ಮುಟ್ಟಿಸಿದ್ದರು. ಅದು ದಡ ಮುಟ್ಟುವ ಹೊತ್ತಿಗೆ ಗುನ್ವೋರ್ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ, ಅದರೊಳಗೆ ಸೀಳಿದ ಅಂಗಿ. ಟೆಕ್ಲಾ ಬಂದರೆ ಕೇಳುತ್ತಾಳೆ. ಏನು ಹೇಳುವುದು? ನೋಡಿದ್ದೆ, ಕಾಣಲಿಲ್ಲ ಎಂದರೆ ಮುಗಿಯಿತು. ಉಣುಗು ಎಳ್ಳಿನಷ್ಟು ಇರುತ್ತದೆ, ಕಾಣದಿದ್ದರೆ ಯಾರ ತಪ್ಪೂ ಅಲ್ಲ. ದ್ವೀಪದಲ್ಲಿ ಇದು ಎಷ್ಟು ಮನೆಗಳಲ್ಲಿ ಆಗಿಲ್ಲ? ಅವಳು ಆ ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕೈದು ಸಲ ಹೇಳಿಕೊಂಡಳು. ಪ್ರತಿ ಸಲವೂ ಅದು ಚೆನ್ನಾಗಿಯೇ ಕೇಳಿಸಿತು. ಅದಕ್ಕೇ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು.

ಟೆಕ್ಲಾ ಕ್ಯಾಂಟೀನಿನ ಸಮವಸ್ತ್ರದಲ್ಲೇ ಓಡಿ ಬಂದಳು. ಒಳಗೆ ಹೋಗಿ ಮಗುವನ್ನು ನೋಡಿ, ಡಾಕ್ಟರ ಹತ್ತಿರ ಮಾತಾಡಿ, ಅರ್ಧ ಗಂಟೆಯ ಮೇಲೆ ಹೊರಗೆ ಬಂದು ತಾಯಿಯ ಎದುರಿಗೆ ನಿಂತಳು.

"ಅಮ್ಮ, ಡೇರೇಲಿದ್ದಾಗ ಪ್ರತಿ ಸಂಜೆ ತಲೆ ನೋಡಿದ್ಯಲ್ಲಾ?"

"ಇಲ್ಲ."

"ಇಲ್ಲ ಅಂದ್ರೆ?"

"ಮೂರು ದಿನ ಕುಲಾವಿ ಬಿಚ್ಚಲಿಲ್ಲ. ಅವಳೇ ಬಿಚ್ಚೋಕೆ ಹೋದ್ಲು, ನಾನು ಬೇಡ ಅಂದೆ."

"ಯಾಕೆ?"

"ಜನ ಫೋಟೋ ತೆಗೀತಿದ್ರು. ಕೂದಲು ಕೆದರಿಕೊಂಡಿದ್ರೆ ಚೆನ್ನಾಗಿರಲ್ಲ ಅಂತ."

ಬೈಯುತ್ತಾಳೆ, ಬೈಯಲಿ ಎಂದು ಗುನ್ವೋರ್ ಕಾದಳು. ಟೆಕ್ಲಾ ಬೈಯಲಿಲ್ಲ.

"ನೀನು ಮನೆಗೆ ಹೋಗಮ್ಮ," ಎಂದಳು. "ನಾನಾಗೇ ಫೋನ್ ಮಾಡೋವರೆಗೂ ಬರಬೇಡ."

ಗುನ್ವೋರ್ ಮನೆಗೆ ಬಂದಳು. ಬಾಗಿಲು ಹಾರು ಹೊಡೆದಿತ್ತು, ಮೇಜಿನ ಮೇಲೆ ಅರ್ಧ ಕುಡಿದ ಹಾಲಿನ ಲೋಟ ಹಾಗೇ ಇತ್ತು.

ಆಮೇಲಿನ ದಿನಗಳಲ್ಲಿ ಅವಳು ಬಸ್ಸು ಓಡಿಸಿದಳು, ತುದಿಗೆ ಬಂದು ನಿಲ್ಲಿಸಿದಳು, ಇಪ್ಪತ್ತೈದು ನಿಮಿಷ ಬರಿಗೈಯಲ್ಲಿ ಕೂತಳು. ಫೋನನ್ನು ಮುಂದೆ ಇಟ್ಟುಕೊಂಡು ನೋಡುತ್ತಿದ್ದಳು. ಅದು ಸದ್ದು ಮಾಡಿದರೆ ಎದೆ ಹಾರುತ್ತಿತ್ತು, ಮಾಡದಿದ್ದರೆ ಇನ್ನೂ ಹೆಚ್ಚು. ಬಸ್ಸು ಹತ್ತುವ ಮಕ್ಕಳ ಮುಖಗಳನ್ನು ನೋಡಲು ಆಗುತ್ತಿರಲಿಲ್ಲ. ನಕ್ಕರೆ ಎರಡೂ ಕಡೆ ನಗುತ್ತಿದೆಯೇ ಎಂದು ಕಣ್ಣು ತಾನೇ ಹುಡುಕುತ್ತಿತ್ತು. ಟೆಕ್ಲಾ ಎರಡು ದಿನಕ್ಕೊಮ್ಮೆ ಒಂದು ಸಾಲು ಬರೆಯುತ್ತಿದ್ದಳು. 'ತಲೆನೋವು ಹೋಗಿದೆ.' 'ಊಟ ಮಾಡ್ತಿದಾಳೆ.' 'ಮನೆಗೆ ಬಂದ್ವಿ.' ಮುಖದ ಬಗ್ಗೆ ಏನೂ ಇರುತ್ತಿರಲಿಲ್ಲ. ಕೇಳಲು ಗುನ್ವೋರ್‌ಗೆ ಬಾಯಿ ಬರಲಿಲ್ಲ.

ಎರಡನೇ ವಾರ ಯೋರ್ಡಿಸ್ ಕೋಲೂರಿಕೊಂಡು ಅದೇ ಬಸ್ಸು ಹತ್ತಿದಳು. ತುದಿಯವರೆಗೂ ಮಾತಾಡದೆ ಕೂತಿದ್ದು, ಎಲ್ಲರೂ ಇಳಿದ ಮೇಲೆ ಮುಂದಿನ ಸೀಟಿಗೆ ಬಂದಳು.

"ಏ ಹುಡುಗಿ, ನಿನ್ನ ಹತ್ರ ಒಂದು ಮಾತು ಹೇಳಬೇಕು. ನಮ್ಮಜ್ಜಿ ಅಂಥದ್ದೇನೂ ಹೇಳಿರ್ಲಿಲ್ಲ."

ಗುನ್ವೋರ್ ತಿರುಗಿ ನೋಡಿದಳು.

"ಮೂರು ಹೊಲಿಗೆ ಕಥೆ. ಅವತ್ತು ನಿನ್ನ ಅಡಿಗೆಮನೇಲಿ ಕೂತು ನಾನೇ ಕಟ್ಟಿದ್ದು."

"ಯಾಕೆ?"

"ಬೆರಳಿಟ್ಟು ಹುಡುಕಿದೆ. ಒಂದು ತಪ್ಪೂ ಸಿಗ್ಲಿಲ್ಲ. ನಂಗೆ ಈಗ ಸೂಜಿ ಕಣ್ಣೂ ಕಾಣಲ್ಲ. ಹೊಟ್ಟೆಕಿಚ್ಚು, ಇನ್ನೇನು." ಯೋರ್ಡಿಸ್ ಕೋಲನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಆ ಮಗು ಕೇಳಿಸ್ಕೊಂಡಿತು ಅಂತ ಟೆಕ್ಲಾ ಹೇಳಿದ್ಲು. ಅವತ್ತಿಂದ ನಂಗೆ ಅನ್ನ ಇಳೀತಿಲ್ಲ."

"ನಿನ್ನ ಕಥೆಯಿಂದ ಏನೂ ಆಗ್ಲಿಲ್ಲ ಯೋರ್ಡಿಸ್. ನಾನು ಕುಲಾವಿ ಬಿಚ್ಚಲಿಲ್ಲ, ಅದರಿಂದ ಆಗಿದ್ದು."

"ಗೊತ್ತು. ಆದ್ರೂ ಹೇಳಬೇಕು ಅನ್ನಿಸ್ತು." ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಅಂಗಿ ಏನು ಮಾಡ್ದೆ? ಸುಟ್ಟ್ಯಾ?"

"ಇಲ್ಲ. ಚೀಲದಲ್ಲೇ ಇದೆ. ಆ ಚೀಲ ಬಿಚ್ಚೋಕೆ ಭಯ."

ಯೋರ್ಡಿಸ್ ತಲೆಯಾಡಿಸಿದಳು. ಹೊರಡುವ ಹೊತ್ತಾಗುವವರೆಗೂ ಇಬ್ಬರೂ ಸಮುದ್ರದ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಐದನೇ ವಾರ ಹೆಮ್ಸೆಯ ನಿಲ್ದಾಣದಲ್ಲಿ ಜನ ಹತ್ತುತ್ತಿರುವಾಗ ಫೋನ್ ಗುಂಯ್‌ಗುಟ್ಟಿತು. ಟೆಕ್ಲಾ ಒಂದು ವಿಡಿಯೋ ಕಳಿಸಿದ್ದಳು, ಜೊತೆಗೆ ಒಂದಕ್ಷರವೂ ಇಲ್ಲ. ರೂನಾ ಸ್ನಾನದ ತೊಟ್ಟಿಯಲ್ಲಿ ಕೂತು ಕೆನ್ನೆ ಉಬ್ಬಿಸುತ್ತಿದ್ದಳು. ಮೊದಲ ಎರಡು ಸಲ ಗಾಳಿ ಎಡತುಟಿಯಿಂದ ಪುಸ್ಸೆಂದು ಹೋಯಿತು. ಮೂರನೇ ಸಲ ಎರಡೂ ಕೆನ್ನೆ ಉಬ್ಬಿ ನಿಂತವು. ಕ್ಷಣ ಹೊತ್ತು, ಅಷ್ಟೇ. ಗುನ್ವೋರ್ ಅದನ್ನು ಮತ್ತೆ ಹಾಕಿ ನೋಡಿದಳು, ಮತ್ತೊಮ್ಮೆ ನೋಡಿದಳು. ಹಿಂದಿನಿಂದ ಒಬ್ಬ ಮುದುಕ, "ಏನಮ್ಮ, ಇವತ್ತು ಹೋಗೋ ಯೋಚನೆ ಇದ್ಯಾ ಇಲ್ವಾ?" ಎಂದ. "ಇದೆ," ಎಂದಳು. ಆದರೆ ವಿಡಿಯೋವನ್ನು ಇನ್ನೊಮ್ಮೆ ನೋಡಿದ ಮೇಲೆಯೇ ಬಸ್ಸು ಹೊರಡಿಸಿದಳು.

ಕ್ರಿಸ್‌ಮಸ್ಸಿಗೆ ಕರೆ ಬಂತು. ರೂನಾ ಅಜ್ಜಿಯ ಕೊರಳಿಗೆ ಬಿದ್ದು, ಆಸ್ಪತ್ರೆಯಲ್ಲಿ ತನಗೆ ಎಷ್ಟು ಐಸ್‌ಕ್ರೀಮ್ ಸಿಕ್ಕಿತೆಂದು ಹೇಳಿದಳು. ಜೋರಾಗಿ ನಕ್ಕಾಗ ಎಡತುಟಿ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಬೇರೆಯವರಿಗೆ ಕಾಣದು. ಗುನ್ವೋರ್‌ಗೆ ಕಾಣುತ್ತಿತ್ತು. ಟೆಕ್ಲಾ ತಾಯಿಗೆ ಊಟ ಬಡಿಸಿದಳು, ಹವಾಮಾನದ ಬಗ್ಗೆ ಮಾತಾಡಿದಳು, ಸಂಜೆಗೆ ಕಾರಿನವರೆಗೂ ಬಂದು ಕಳಿಸಿಕೊಟ್ಟಳು. ಮಗುವನ್ನು ಮಾತ್ರ ಒಂದು ಗಳಿಗೆಯೂ ಅಜ್ಜಿಯ ಜೊತೆ ಒಂಟಿಯಾಗಿ ಬಿಡಲಿಲ್ಲ. ಗುನ್ವೋರ್ ಅದನ್ನು ಕಂಡೂ ಕಾಣದಂತೆ ಇದ್ದಳು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಟೆಕ್ಲಾಳ ಕಾರು ಮನೆಯ ಮುಂದೆ ನಿಂತಿತು. ರೂನಾ ರಬ್ಬರ್ ಬೂಟು ತೊಟ್ಟು ಇಳಿದವಳು ಅಜ್ಜಿಯನ್ನು ಅಪ್ಪಿ, ಹೊಸ ಕುರಿಮರಿಗಳನ್ನು ನೋಡಲು ಹಿತ್ತಿಲಿಗೆ ಓಡಿದಳು. ಅಲ್ಲಿ ಹುಲ್ಲು ಆಗಲೇ ಮೊಣಕಾಲೆತ್ತರ ಬೆಳೆದಿತ್ತು. ಟೆಕ್ಲಾ ಸಮವಸ್ತ್ರದಲ್ಲಿದ್ದಳು. ಮಗಳ ಬಟ್ಟೆಚೀಲವನ್ನು ಮೆಟ್ಟಿಲ ಮೇಲಿಟ್ಟಳು.

"ಮೂರು ದಿನ. ಶುಕ್ರವಾರ ಬರ್ತೀನಿ."

ಗುನ್ವೋರ್ ಚೀಲವನ್ನು ನೋಡಿದಳು, ಹಿತ್ತಿಲ ಕಡೆ ನೋಡಿದಳು.

"ನನ್ನ ಹತ್ರ ಬಿಟ್ಟು ಹೋಗೋಕೆ ನಿಂಗೆ ಭಯ ಇಲ್ವಾ?"

"ಇದೆ," ಎಂದಳು ಟೆಕ್ಲಾ. "ನಿಂಗೆ?"

"ತುಂಬಾ."

ಟೆಕ್ಲಾ ತಾಯಿಯ ಮುಖವನ್ನೇ ಕೊಂಚ ಹೊತ್ತು ನೋಡಿದಳು. "ಹಾಗಿದ್ರೆ ಸರಿ," ಎಂದು ಕಾರಿನ ಕಡೆ ನಡೆದಳು. ಹಡಗಿಗೆ ಹೊತ್ತಾಗಿತ್ತು.

ಗುನ್ವೋರ್ ಬೂಟು ಹಾಕಿಕೊಳ್ಳಲೂ ನಿಲ್ಲದೆ, ಮನೆಯ ಚಪ್ಪಲಿಯಲ್ಲೇ ಹಿತ್ತಿಲಿಗೆ ಹೋದಳು.